ಮಗುವಿನ ಮುಂದೆ ಕನ್ನಡ ಮಾತ್ರ

ನಮ್ಮ ಮನೆಯಲ್ಲಿ ಆ ಕಾನೂನು ಜಾರಿಗೆ ಬಂದದ್ದು ನನ್ನ ತಮ್ಮ ಮಂಜನಿಗೆ ಕತ್ತು ನಿಂತ ಹೊಸದರಲ್ಲಿ. ಮಗುವಿನ ಮುಂದೆ ಕನ್ನಡ ಬಿಟ್ಟು ಬೇರೆ ಮಾತಾಡಕೂಡದು. ಕಾನೂನು ಮಾಡಿದವನು ಅಪ್ಪ. ಬಾಯಿ ಕಟ್ಟಿಹೋದದ್ದು ಜೇಜಿಗೆ, ಅಂದರೆ ಅಪ್ಪನ ತಾಯಿಗೆ. ಅವಳಿಗೆ ಸಲೀಸಾಗಿ ಬರುತ್ತಿದ್ದದ್ದು ತೆಲುಗು ಒಂದೇ. ಕನ್ನಡ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಬರುತ್ತಿತ್ತು, ಮಗುವನ್ನು ಮುದ್ದು ಮಾಡುವಷ್ಟು ಬರುತ್ತಿರಲಿಲ್ಲ. ಆದರೆ ಮಗುವನ್ನು ಬೆಳಗಿನಿಂದ ಸಂಜೆಯವರೆಗೆ ನೋಡಿಕೊಳ್ಳುತ್ತಿದ್ದವಳು ಅವಳೇ. ಅವಳ ಮಾತನ್ನು ಇಲ್ಲಿ ಬಹುಪಾಲು ಕನ್ನಡಕ್ಕೆ ತಂದೇ ಬರೆಯುತ್ತಿದ್ದೇನೆ. ಅವಳಿಗೆ ಗೊತ್ತಾಗಿದ್ದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ನಾವಿದ್ದದ್ದು ಕೋಲಾರದ ಚಿನ್ನದ ಗಣಿಗಳ ಊರಿಗಾಂನಲ್ಲಿ, ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಒಂದು ಲೈನು ಮನೆಯಲ್ಲಿ. ಅಪ್ಪ ಗಣಿಯೊಳಗೆ ಇಳಿದು ಕೆಲಸ ಮಾಡುವವನು. ಗಣಿ ಮುಚ್ಚಲು ಆಗಿನ್ನೂ ಬಹಳ ವರ್ಷಗಳಿದ್ದವು. ಒಂದು ಕೋಣೆ, ಅದರ ಹಿಂದೆ ಅಡುಗೆಯ ಮೂಲೆ, ಮುಂದುಗಡೆ ಬಿದಿರು ತಟ್ಟಿ ಕಟ್ಟಿ ಮಾಡಿಕೊಂಡ ಜಗಲಿ, ಹಿಂದುಗಡೆ ತಗಡಿನ ಮರೆಯ ಬಚ್ಚಲು. ಪಕ್ಕದ ಮನೆಗೂ ನಮಗೂ ನಡುವೆ ಇದ್ದ ಗೋಡೆ ಸೂರಿನವರೆಗೆ ಹೋಗುತ್ತಿರಲಿಲ್ಲವಾದ್ದರಿಂದ ಅಲ್ಲಿ ಪಳನಿಯಮ್ಮ ಒಗ್ಗರಣೆ ಹಾಕಿದರೆ ಇಲ್ಲಿ ನಾವು ಸೀನುತ್ತಿದ್ದೆವು. ಪಳನಿಯಮ್ಮನ ಹತ್ತಿರ ತಮಿಳಿನಲ್ಲಿ ಉಪ್ಪು ಕೇಳಿ, ಜೇಜಿಯ ಹತ್ತಿರ ತೆಲುಗಿನಲ್ಲಿ ಬೈಸಿಕೊಂಡು, ಅಮ್ಮನ ಹತ್ತಿರ ಕನ್ನಡದಲ್ಲಿ ದೂರು ಹೇಳುತ್ತಿದ್ದೆ. ಇವು ಮೂರು ಭಾಷೆಗಳೆಂದು ನನಗೆ ಗೊತ್ತಿರಲಿಲ್ಲ. ಒಬ್ಬೊಬ್ಬರ ಹತ್ತಿರ ಒಂದೊಂದು ಥರ ಮಾತಾಡಬೇಕು, ಅಷ್ಟೇ ಎಂದುಕೊಂಡಿದ್ದೆ.

ಗೊತ್ತಾದದ್ದು ಮೂರನೇ ಕ್ಲಾಸಿನಲ್ಲಿ. ಒಂದು ಮಧ್ಯಾಹ್ನ ಬಾಯಾರಿಕೆಯಾಗಿ ಎದ್ದು ನಿಂತು ಟೀಚರನ್ನು ಕೇಳಿದೆ:

“ಮಿಸ್, ನೀಳ್ಳು ಕುಡಿಚ್ಚು ಬತ್ತೀನಿ.”

ನೀರಿಗೆ ತೆಲುಗು, ಕುಡಿಯುವುದಕ್ಕೆ ತಮಿಳು, ಬರುವುದಕ್ಕೆ ಕನ್ನಡ. ಇಡೀ ಕ್ಲಾಸು ನಕ್ಕಿತು. ಹಾಗೆ ನಕ್ಕವರಲ್ಲಿ ಅರ್ಧ ಜನ ಮನೆಯಲ್ಲಿ ನನ್ನ ಹಾಗೆಯೇ ಮಾತಾಡುವವರು. ಟೀಚರು ಕೆಟ್ಟವರಲ್ಲ. ಅವರು ಅಪ್ಪನನ್ನು ಕರೆಸಿ, ನಿಮ್ಮ ಹುಡುಗಿಗೆ ಬುದ್ಧಿ ಇದೆ, ಭಾಷೆ ಇಲ್ಲ ಎಂದರು. ಅಂದಿನಿಂದ ನಾನು ಒಂದೊಂದು ವಾಕ್ಯವನ್ನೂ ಒಳಗೆ ಒಮ್ಮೆ ಆಡಿ ನೋಡಿಕೊಂಡು, ಸರಿಯಿದೆ ಅನ್ನಿಸಿದರೆ ಮಾತ್ರ ಹೊರಗೆ ಬಿಡತೊಡಗಿದೆ. ಆ ಅಭ್ಯಾಸ ಇವತ್ತಿಗೂ ಹೋಗಿಲ್ಲ. ನನ್ನನ್ನು ಗಂಭೀರ ಸ್ವಭಾವದವಳು ಎಂದು ಹೊಗಳುವವರಿಗೆ ಇದರ ಮೂಲ ತಿಳಿಯದು.

ಅಪ್ಪ ಆ ದಿನ ನನ್ನನ್ನು ಶಾಲೆಯಿಂದ ಮನೆಗೆ ಕರೆದುಕೊಂಡು ಬಂದ. ಊಟಕ್ಕೆ ಕುಳಿತಾಗ, ಮುದ್ದೆ ಮುರಿಯುವ ಮೊದಲು, ಜೇಜಿಯ ತೊಡೆಯ ಮೇಲಿದ್ದ ಮಂಜನನ್ನು ತೋರಿಸಿ ಹೇಳಿದ:

“ಇವತ್ತಿಂದ ಇವನ ಮುಂದೆ ಯಾರೂ ತೆಲುಗು ಆಡ್ಬಾರ್ದು. ತಮಿಳೂ ಬ್ಯಾಡ. ಕನ್ನಡ ಒಂದೇ. ಇವಳಂಗೆ ಕಲಸುಮೇಲೋಗರ ಆಗ್ಬಾರ್ದು. ನೆಟ್ಟಗೆ ಒಂದ್ ಭಾಷೆ ಕಲೀಲಿ.”

“ನಾಕು ರಾದು ಕದರಾ,” ಎಂದಳು ಜೇಜಿ. ನನಗೆ ಬರೋದಿಲ್ಲವಲ್ಲೋ ಎಂದು.

“ಬರ್ದಿದ್ರೆ ಸುಮ್ಕಿರಮ್ಮ.”

ಅಪ್ಪ ತನ್ನ ತಾಯಿಯ ಜೊತೆ ಕನ್ನಡದಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಜೇಜಿ ಜಗಳವಾಡಲಿಲ್ಲ. ಮಗುವನ್ನು ಅಮ್ಮನ ಕೈಗೆ ಕೊಟ್ಟು, ಮುದ್ದೆ ಮುಗಿಸಿ, ತಟ್ಟೆ ತೊಳೆದಿಟ್ಟು, ಜಗಲಿಗೆ ಹೋಗಿ ಕುಳಿತಳು. ನಾನೂ ಅಪ್ಪನನ್ನು ಆವರೆಗೆ ನಾಯನ ಎಂದು ಕರೆಯುತ್ತಿದ್ದವಳು ಮರುದಿನದಿಂದ ಅಪ್ಪ ಎನ್ನತೊಡಗಿದೆ.

ಆ ಕಾನೂನಿಗೆ ಮೊದಲು ಮಂಜನ ಎಣ್ಣೆನೀರು ಅಂದರೆ ಲೈನಿಗೆಲ್ಲ ಕೇಳುವ ಕಾರ್ಯಕ್ರಮ. ಜೇಜಿ ಬಚ್ಚಲಿನಲ್ಲಿ ಮಣೆ ಹಾಕಿಕೊಂಡು ಎರಡೂ ಕಾಲು ಚಾಚಿ ಕುಳಿತು, ಮೊಣಕಾಲಿನ ಕೆಳಗೆ ಮಗುವನ್ನು ಮಲಗಿಸಿಕೊಂಡು ಹರಳೆಣ್ಣೆ ತಿಕ್ಕುತ್ತಿದ್ದಳು. ಒಂದೊಂದು ಅಂಗವನ್ನು ನೀವುವಾಗಲೂ ಅದನ್ನು ಒಂದೊಂದು ಊರಿಗೆ ಕಳಿಸುತ್ತಿದ್ದಳು. ಈ ಕಾಲು ಕುಪ್ಪಂಗೆ, ಈ ಕಾಲು ಕೋಲಾರಕ್ಕೆ, ಈ ಕೈ ಮುಳಬಾಗಿಲಿಗೆ. ಕೊನೆಯ ಕೈ ಹಿಡಿದು, “ಈ ಚೆಯ್ಯಿ ಎಕ್ಕಡಿಕಿರಾ?” ಎಂದು ಕೇಳಿ ಸುಮ್ಮನಾಗುತ್ತಿದ್ದಳು. ಈ ಕೈ ಎಲ್ಲಿಗೋ? ಮಗು ಅವಳ ಬಾಯಿಯನ್ನೇ ನೋಡುತ್ತ ‘ಊ’ ಎನ್ನುವವರೆಗೂ ಕಾಯುತ್ತಿದ್ದಳು. ಅದು ‘ಊ’ ಎಂದ ಕೂಡಲೇ, ಹೌದಾ, ಮಾಲೂರಿಗಾ, ನಿಮ್ಮಮ್ಮನ ತವರಿಗಾ, ಅಲ್ಲಿ ಊಟಕ್ಕೆ ಏನು ಹಾಕ್ತಾರೋ ಎಂದು ಶುರು. ಒಲೆಯ ಮುಂದಿದ್ದ ಅಮ್ಮ ತನ್ನ ತವರಿನ ಸುದ್ದಿ ಬಂದಾಗ ಮಾತ್ರ ಕಿವಿ ಕೊಡುತ್ತಿದ್ದಳು.

ಮುಂದೆ ನಾನು ಅಂಗನವಾಡಿಗಳ ಮೇಲ್ವಿಚಾರಕಿಯಾಗಿ ಈ ತಾಲ್ಲೂಕಿನ ಹಳ್ಳಿಗಳನ್ನೆಲ್ಲ ಸುತ್ತಿದೆ. ಮಗುವಿನ ಜೊತೆ ಮಾತಾಡಿ, ಅದು ಉತ್ತರ ಕೊಡುವವರೆಗೆ ಕಾಯಿರಿ, ಅದು ಮಾಡುವ ಸದ್ದಿಗೆ ನೀವೂ ಸದ್ದು ಕೊಡಿ ಎಂದು ತಾಯಂದಿರಿಗೆ ಹೇಳುವುದು ನನ್ನ ಕೆಲಸದ ಭಾಗವಾಗಿತ್ತು. ಯಾವ ಭಾಷೆಯಲ್ಲಿ ಎಂದು ಯಾರಾದರೂ ಕೇಳಿದರೆ, ನಿಮಗೆ ನಗು ಬರುವ ಭಾಷೆಯಲ್ಲಿ ಎನ್ನುತ್ತಿದ್ದೆ. ಇದು ತರಬೇತಿಯಲ್ಲಿ ಹೇಳಿಕೊಟ್ಟದ್ದಲ್ಲ.

ಕಾನೂನು ಬಂದ ಮೇಲೂ ಎಣ್ಣೆನೀರು ನಿಲ್ಲಲಿಲ್ಲ. ಅದೇ ಮಣೆ, ಅದೇ ಹರಳೆಣ್ಣೆ, ಆಮೇಲೆ ಸಾಂಬ್ರಾಣಿ ಹೊಗೆ, ದೃಷ್ಟಿಬೊಟ್ಟು. ಜೇಜಿ ತುಟಿ ಬಿಗಿದುಕೊಂಡು ತಿಕ್ಕಿ, ನೀರು ಹುಯ್ದು, ಒರೆಸಿ, ಎತ್ತಿ ಕೊಡುತ್ತಿದ್ದಳು. ಮೊದಮೊದಲು ಮಂಜ ಕೊನೆಯ ಕೈ ಹಿಡಿದಾಗ ತಾನಾಗಿಯೇ ‘ಊ’ ಎನ್ನುತ್ತಿದ್ದ. ಆಮೇಲೆ ಅದನ್ನೂ ಬಿಟ್ಟ.

ಹಾಗಾದರೆ ಅವನ ಜೊತೆ ಕನ್ನಡ ಆಡುತ್ತಿದ್ದವರು ಯಾರು? ಅಮ್ಮನಿಗೆ ಕನ್ನಡವೇನೋ ಚೆನ್ನಾಗಿ ಬರುತ್ತಿತ್ತು, ಮಾತೇ ಬರುತ್ತಿರಲಿಲ್ಲ. ಉಂಡ್ಯಾ, ತಂದ್ಯಾ, ಮನಿಕ್ಕೊ, ಇಷ್ಟರಲ್ಲಿ ಅವಳ ದಿನ ಮುಗಿಯುತ್ತಿತ್ತು. ಅವಳು ಪ್ರೀತಿಯನ್ನೆಲ್ಲ ರಾಗಿ ಸರಿಯಲ್ಲಿ ತೋರಿಸುತ್ತಿದ್ದಳು. ರಾಗಿ ನೆನೆಹಾಕಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳುಬಟ್ಟೆಯಲ್ಲಿ ಸೋಸಿ, ಗಂಟಾಗದಂತೆ ಕಾಯಿಸಿ, ತುಪ್ಪ ಬಿಟ್ಟು, ಒಂದು ಮಾತೂ ಆಡದೆ ತಿನ್ನಿಸಿ ಮುಗಿಸುತ್ತಿದ್ದಳು. ಅಪ್ಪ ಪ್ರಯತ್ನಪಟ್ಟ. ಆದರೆ ಮಗುವನ್ನು ಮುದ್ದಾಡುವ ಕನ್ನಡ ಅವನಿಗೂ ಗೊತ್ತಿರಲಿಲ್ಲ. ಅವನಿಗೆ ಶುದ್ಧ ಕನ್ನಡ ಅಂದರೆ ರೇಡಿಯೋ ವಾರ್ತೆ. ಕೆಲಸದಿಂದ ಬಂದು, ಮುಖ ತೊಳೆದು, ಮಗುವಿನ ಎದುರು ಚಕ್ಕಳಮಕ್ಕಳ ಹಾಕಿ ಕುಳಿತು ಶುರು ಮಾಡುತ್ತಿದ್ದ:

“ಮಗು, ಇತ್ತ ನೋಡು. ನಾನು ನಿನ್ನ ತಂದೆ.”

ಮಂಜ ಅವನನ್ನು ಒಮ್ಮೆ ನೋಡಿ, ಸೂರಿನ ಕಡೆ ತಿರುಗಿಕೊಳ್ಳುತ್ತಿದ್ದ. ಉಳಿದವಳು ನಾನು. ನನಗೋ ಒಂದು ವಾಕ್ಯ ಹೊರಬರಬೇಕಾದರೆ ಒಳಗೆ ಪರೀಕ್ಷೆ ಪಾಸಾಗಬೇಕಿತ್ತು. ಸಾಲದ್ದಕ್ಕೆ ಅಪ್ಪನಿಗೆ ರಾತ್ರಿ ಪಾಳಿ ಇದ್ದ ವಾರ ಅವನು ಹಗಲು ನಿದ್ದೆ ಮಾಡುವುದರಿಂದ ಮನೆಯಲ್ಲಿ ಪಾತ್ರೆ ಇಡುವುದೂ ಮೆಲ್ಲಗೆ. ಪಳನಿಯಮ್ಮ ಒಂದು ದಿನ ಜಗಲಿಯಿಂದ ಇಣುಕಿ ಅಮ್ಮನನ್ನು ಕೇಳಿದಳು.

“ಎನ್ನ ಜಯಮ್ಮಾ, ಮನೇಲಿ ಆಳಿಲ್ವಾ? ಒಂದ್ ಸೌಂಡೂ ಕಾಣೋಂ!”

ಒಂದು ಸದ್ದೂ ಇಲ್ಲವಲ್ಲ ಎಂದು. ಅಮ್ಮ ತುಟಿಯ ಮೇಲೆ ಬೆರಳಿಟ್ಟು ಒಳಗೆ ಮಲಗಿದ್ದ ಅಪ್ಪನನ್ನು ತೋರಿಸಿದಳು. ಪಳನಿಯಮ್ಮ ಮಗುವಿಗೆ ಕಣ್ಣು ಮಿಟುಕಿಸಿ, ಮೂಕಿಯಂತೆ ಕೈಕಾಲು ಕುಣಿಸಿ ತೋರಿಸಿ ಹೋದಳು. ಮಂಜ ಆ ದಿನ ನಕ್ಕಷ್ಟು ಆ ತಿಂಗಳಲ್ಲೇ ನಕ್ಕಿರಲಿಲ್ಲ.

ಮೊದಲು ಎಲ್ಲರೂ ಅವನನ್ನು ಹೊಗಳಿದರು. ಎಂಥ ಒಳ್ಳೆ ಮಗು, ಹಟ ಇಲ್ಲ, ಗಲಾಟೆ ಇಲ್ಲ. ಕುಳಿತುಕೊಳ್ಳುವ ಕಾಲಕ್ಕೆ ಕುಳಿತ, ಅಂಬೆಗಾಲಿಟ್ಟ, ಗೋಡೆ ಹಿಡಿದು ನಿಂತ. ಬಾಯಿ ಮಾತ್ರ ತೆರೆಯಲಿಲ್ಲ. ಅದೇ ವಯಸ್ಸಿನ ಪಳನಿಯಮ್ಮನ ಮೊಮ್ಮಗಳು ಗೋಡೆಯ ಆ ಕಡೆಯಿಂದ ಪಾಟಿ, ತಾತ, ಕಾಕಾ ಎಂದು ಕೂಗುತ್ತಿದ್ದರೆ, ಈ ಕಡೆ ಮಂಜ ಬೇಕಾದ್ದನ್ನು ಬೆರಳಿನಲ್ಲಿ ತೋರಿಸಿ ಕಾಯುತ್ತಿದ್ದ. ಮೊದಲ ಹುಟ್ಟುಹಬ್ಬ ಹತ್ತಿರ ಬಂದಾಗ ಮೂಕ ಎಂಬ ಪದ ಲೈನಿನಲ್ಲಿ ಸುಳಿಯಿತು. ನಮ್ಮೆದುರು ಯಾರೂ ಆಡಲಿಲ್ಲ, ಆದರೆ ಆ ಗೋಡೆ ಯಾವ ಮಾತನ್ನೂ ತಡೆಯುವಂಥದ್ದಾಗಿರಲಿಲ್ಲ. ಅಮ್ಮ ಒಲೆಯ ಮುಂದೆ ಕುಳಿತು ಅತ್ತಳು. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಮಗುವಿನ ಬೆನ್ನ ಹಿಂದೆ ಬೀಗದ ಕೈ ಗೊಂಚಲು ಬೀಳಿಸಿದರು. ಮಂಜ ತಟ್ಟನೆ ತಿರುಗಿದ. ಕಿವಿ ಸರಿಯಿದೆ, ಕಾಯಿರಿ ಎಂದರು ಅವರು.

ಕಾಯುವುದು ನಮ್ಮ ಮನೆಯವರಿಗೆ ಬರುವ ವಿದ್ಯೆಯಲ್ಲ. ಮಾತು ಬರಲೆಂದು ಬಜೆ ಬೇರನ್ನು ಜೇನುತುಪ್ಪದಲ್ಲಿ ತೇದು ನಾಲಿಗೆಗೆ ಹಚ್ಚುವುದು ಶುರುವಾಯಿತು. ಅದರ ಜೊತೆ ಚಿನ್ನವನ್ನೂ ಎರಡು ಸುತ್ತು ತೇಯಬೇಕು. ಅಪ್ಪ ದಿನವೂ ಅದನ್ನು ಅಗೆಯಲು ಭೂಮಿಯೊಳಕ್ಕೆ ಇಳಿಯುತ್ತಿದ್ದರೂ ಮನೆಯಲ್ಲಿದ್ದದ್ದು ಅಮ್ಮನ ಓಲೆ ಮಾತ್ರ. ದಿನಾ ಬೆಳಿಗ್ಗೆ ಅಮ್ಮ ಓಲೆ ಬಿಚ್ಚಿ ಕೊಡುವುದು, ಜೇಜಿ ತೇಯುವುದು. ಆ ತೇಯುವ ಕಲ್ಲಿಗೆ ಹೇಳುವ ಹಾಗೆ ಜೇಜಿ ಒಂದು ದಿನ ಗೊಣಗಿದಳು:

“ನನ್ನ ಬಾಯಿ ಕಟ್ಟಿ, ಇವನ ಬಾಯಿ ತೆರೆಸಬೇಕಂತೆ.”

ಜಗಲಿಯಲ್ಲಿ ಬೂಟು ಹಾಕಿಕೊಳ್ಳುತ್ತಿದ್ದ ಅಪ್ಪನಿಗೆ ಅದು ಕೇಳಿಸಿತು. ಅವನು ಲೇಸು ಬಿಗಿದು ಕೆಲಸಕ್ಕೆ ಹೊರಟ.

ಆ ಬೇಸಿಗೆಯಲ್ಲಿ ಅಮ್ಮನಿಗೆ ಕಾಮಾಲೆಯಾಯಿತು. ಮಗುವನ್ನು ದೂರ ಇಡಬೇಕೆಂದರು. ನನಗೆ ಶಾಲೆ ರಜೆ ಇತ್ತು. ಜೇಜಿ, ನಾನು, ಮಂಜ ಮೂವರೂ ಕಾಮಸಮುದ್ರದ ಕಡೆಯ ಹಳ್ಳಿಯಲ್ಲಿದ್ದ ಜೇಜಿಯ ತಂಗಿಯ ಮನೆಗೆ ಹೋಗುವುದೆಂದಾಯಿತು. ಅಪ್ಪ ಊರಿಗಾಂ ಸ್ಟೇಷನ್ನಿನಲ್ಲಿ ಬಂಗಾರಪೇಟೆಯ ರೈಲು ಹತ್ತಿಸಿ, ಕಿಟಕಿಯ ಹತ್ತಿರ ಬಂದು ನನಗೆ ಹೇಳಿದ:

“ಮಗೂ ಜೊತೆ ನೀನು ಕನ್ನಡದಾಗೆ ಮಾತಾಡ್ತಿರು. ಮರೀಬ್ಯಾಡ.”

ಜೇಜಿ ಕೋರಮಂಡಲ್ ಸ್ಟೇಷನ್ ದಾಟುವವರೆಗೂ ಬಾಯಿ ಬಿಡಲಿಲ್ಲ. ದಾಟಿದ ಮೇಲೆ ಮಗುವನ್ನು ತನ್ನ ಕಡೆ ತಿರುಗಿಸಿ ಕೂರಿಸಿಕೊಂಡು, ನಿಮ್ಮಪ್ಪನಿಗೆ ಇನ್ನು ಕೇಳಿಸೋದಿಲ್ಲ ಎಂದಳು. ಅಷ್ಟೇ. ಆಮೇಲೆ ನಿಲ್ಲಿಸಲಿಲ್ಲ. ಅಗೋ ಹಸು, ಅಗೋ ಬೆಟ್ಟ, ಆ ಮುದುಕನ ತಲೆಯ ಮೇಲೆ ಏನೋ ಅದು, ಕುಂಬಳಕಾಯಾ, ಯಾರ ಮನೆಗೆ ಒಯ್ತಾನೆ, ನಮಗೆ ಕೊಡ್ತಾನಾ ಕೇಳು. ಎದುರಿಗೆ ಕುಳಿತಿದ್ದ ಹಾಲಿನ ಕ್ಯಾನಿನವನು ನಗತೊಡಗಿದ. ಮಂಜ ಅವಳ ಬಾಯಿಯನ್ನೇ ನೋಡುತ್ತಿದ್ದ. ಬಂಗಾರಪೇಟೆಯಲ್ಲಿ ಇಳಿಯುವ ಹೊತ್ತಿಗೆ ಜೇಜಿಯ ಗಂಟಲು ಕಟ್ಟಿತ್ತು. ನನಗೆ ಅಳು ಬಂದಿತ್ತು, ಯಾಕೆಂದು ಆಗ ತಿಳಿಯಲಿಲ್ಲ.

ಆ ಹಳ್ಳಿಯಲ್ಲಿ ಮಗುವನ್ನು ಮಾತಾಡಿಸದೆ ಯಾರೂ ಮುಂದಕ್ಕೆ ಹೋಗುತ್ತಿರಲಿಲ್ಲ. ಡೈರಿಗೆ ಹಾಲು ಹಾಕಲು ಹೋಗುವವರು ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ. ಕುರಿ ಹೊಡೆದುಕೊಂಡು ಹೋಗುವವರು ದಾರಿಯಿಂದಲೇ. ಎಲ್ಲರದೂ ತೆಲುಗು, ಕೂಗುವ ತೆಲುಗು, ಏಕೆಂದರೆ ಹೊಲದಿಂದ ಹೊಲಕ್ಕೆ ಕೇಳಬೇಕು. ಅಪ್ಪ ಹೇಳಿದ್ದ ಕನ್ನಡವನ್ನು ನಾನು ಒಂದೆರಡು ದಿನ ಆಡಿದೆ. ಆಮೇಲೆ ಅಷ್ಟು ಜನರ ಗದ್ದಲದ ನಡುವೆ ಅದನ್ನು ಹೇಗೆ ಆಡಲಿ? ಕೆಲವು ದಿನ ಕಳೆದ ಮೇಲೆ ಮಂಜ ಬೆಳಿಗ್ಗೆ ಎದ್ದವನೇ ಬಬಬ, ದದದ ಎಂದು ತನ್ನ ಪಾಡಿಗೆ ತಾನು ಶುರು ಮಾಡಿದ. ಜೇಜಿ ಕರುವನ್ನು “ದಾ, ದಾ” ಎಂದು ಕರೆಯುತ್ತಿದ್ದಳು, ಬಾ ಬಾ ಎಂದು. ಒಂದು ಬೆಳಿಗ್ಗೆ ಅವಳಿಗಿಂತ ಮೊದಲೇ ಮಂಜ ಜಗಲಿಯಿಂದ ಕೈ ಚಾಚಿ, ಕರುವಿನ ಕಡೆ ನೋಡುತ್ತ, “ದಾ” ಎಂದ. ಜೇಜಿ ಹಾಲಿನ ಚೊಂಬು ಕೆಳಗಿಟ್ಟು ಅವನನ್ನು ಎತ್ತಿಕೊಂಡಳು. ನನಗೆ ಆದ ಸಂತೋಷ ಹೇಳತೀರದು. ಅದರ ಬೆನ್ನಿಗೇ ಹೆದರಿಕೆಯೂ ಆಯಿತು. ಮಗ ಆಡಿದ ಮೊದಲ ಮಾತು ತೆಲುಗು ಎಂದು ಅಪ್ಪನಿಗೆ ಹೇಳುವವರು ಯಾರು?

ಹೇಳಬೇಕಾಗಲಿಲ್ಲ. ವಾರದ ರಜೆಯ ದಿನ ಅಪ್ಪ ನಮ್ಮನ್ನು ಕರೆದೊಯ್ಯಲು ಬಂದ. ಬಗಲಲ್ಲಿ ಚೀಲ ಹಾಕಿಕೊಂಡು ಅಂಗಳದ ಅಂಚಿನಲ್ಲಿ ನಿಂತ. ಮಂಜ ಅವನನ್ನು ನೋಡಿ ಗುರುತು ಹಿಡಿದು, ಕೈ ಚಾಚಿ, ಇಡೀ ಮೈ ಮುಂದಕ್ಕೆ ಹಾಕಿ ಕರೆದ:

“ದಾ!”

ಜೇಜಿ ಅಪ್ಪನನ್ನು ಕಂಡ ಕೂಡಲೇ ಬಾಯಿ ಮುಚ್ಚಿದ್ದಳು. ಅಪ್ಪ ನನ್ನ ಕಡೆ ನೋಡಿದ.

“ಏನಂದ?”

“ಬಾ ಅಂತಾವ್ನೆ, ಅಪ್ಪ.”

ಅಪ್ಪನಿಗೆ ನನ್ನ ಅನುವಾದ ಬೇಕಾಗಿರಲಿಲ್ಲ. ಅವನು ಚೀಲ ಕೆಳಗೆ ಹಾಕಿ, ಬಂದು ಮಗುವನ್ನು ಎತ್ತಿಕೊಂಡು, ಅದರ ಕುತ್ತಿಗೆಯಲ್ಲಿ ಮುಖ ಇಟ್ಟ.

ಸಂಜೆ ಜಗಲಿಯಲ್ಲಿ ತಾಯಿ ಮಗ ಮಾತಿಗೆ ಕುಳಿತರು. ನಾನು ಹುಣಸೆಹಣ್ಣು ಬಿಡಿಸುತ್ತ ಪಕ್ಕದಲ್ಲೇ ಇದ್ದೆ. ಅಪ್ಪ ಇನ್ನೂ ಕನ್ನಡದಲ್ಲೇ ಇದ್ದ.

“ಆಫೀಸುಗಳಾಗೆ ಕುರ್ಚಿ ಮೇಲೆ ಕುಂತಿರೋರು ಆಡೋ ಮಾತು ಬೇರೆ ಅಮ್ಮ. ನಾನು ಒಂದ್ ಅರ್ಜಿ ಹಿಡ್ಕೊಂಡು ಹೋದ್ರೆ ಬಾಯಿ ತೊದಲುತ್ತೆ, ಅವ್ರು ನಗ್ತಾರೆ. ಇವನಿಗೆ ಅಂಗಾಗ್ಬಾರ್ದು.”

“ನಿನ್ನನ್ನ ಸಾಕಿದ್ದು ಯಾವ ಮಾತಿನಲ್ಲೋ? ಕೆಟ್ಟುಹೋದೆಯಾ ನೀನು?” ಜೇಜಿ ತೆಲುಗಿನಲ್ಲೇ ಕೇಳಿದಳು.

“ಕೆಟ್ಟೋಗ್ಲಿಲ್ಲ. ಕೆಳಕ್ಕಿಳಿದೆ. ದಿನಾ ಇಳೀತಾ ಇವ್ನಿ.”

ಜೇಜಿ ನನ್ನ ಮುಂದಿದ್ದ ಹುಣಸೆಹಣ್ಣಿಗೆ ಕೈ ಹಾಕಿ ತಾನೂ ಬಿಡಿಸತೊಡಗಿದಳು. ನನಗೆ ಇಬ್ಬರ ಮೇಲೂ ಕನಿಕರ ಬಂತು. ಇಬ್ಬರೂ ಹೇಳಿದ್ದು ನಿಜವೇ. ಈಗ ಯೋಚಿಸಿದರೂ ಹಾಗೆಯೇ ಅನ್ನಿಸುತ್ತದೆ.

ಮರಳಿ ಊರಿಗಾಂಗೆ ಬಂದೆವು. ಅಮ್ಮನ ಕಣ್ಣಿನ ಹಳದಿ ಹೋಗಿತ್ತು. ಕಾನೂನು ರದ್ದಾಯಿತು ಎಂದು ಅಪ್ಪ ಹೇಳಲಿಲ್ಲ, ಇದೆ ಎಂದೂ ಹೇಳಲಿಲ್ಲ. ಜೇಜಿ ಕೇಳುವವಳಲ್ಲ. ಅವನೇ ತಾನಾಗಿ ಹೇಳುವವರೆಗೆ ಆಡುವುದಿಲ್ಲ ಎಂದು ನಿರ್ಧರಿಸಿದವಳಂತೆ ಮತ್ತೆ ತುಟಿ ಬಿಗಿದಳು. ಮಂಜನಿಗೆ ಇದು ಅರ್ಥವಾಗಲಿಲ್ಲ. ಅವಳ ತೊಡೆಯ ಮೇಲೆ ಹತ್ತಿ, ಎರಡೂ ಕೈಯ ಬೆರಳುಗಳನ್ನು ಅವಳ ತುಟಿಗಳ ನಡುವೆ ತೂರಿಸಿ ಬಾಯಿ ಬಿಡಿಸಲು ನೋಡುತ್ತಿದ್ದ. ಅವಳು ಮುಖ ಆ ಕಡೆ ತಿರುಗಿಸುತ್ತಿದ್ದಳು. ಅವನು ಆ ಕಡೆಗೂ ಹೋಗುತ್ತಿದ್ದ. ದಿನ ಕಳೆದಂತೆ ಅವನ ಬಬಬ ದದದ ಕಡಿಮೆಯಾಗತೊಡಗಿತು. ಮತ್ತೆ ಬೆರಳು ತೋರಿಸಿ ಕಾಯತೊಡಗಿದ. ಬೇಸಿಗೆಯಲ್ಲಿ ಸಿಕ್ಕಿದ್ದ ಮಾತು ಕೈಬಿಟ್ಟು ಹೋಗುತ್ತಿತ್ತು, ಮನೆಯಲ್ಲಿ ಎಲ್ಲರೂ ಅದನ್ನು ನೋಡುತ್ತಿದ್ದೆವು. ಅವನು ಮಾತಾಡದಿದ್ದುದಕ್ಕೆ ಆ ಕಾನೂನೇ ಕಾರಣ ಎಂದು ನಾನು ಇವತ್ತೂ ಖಚಿತವಾಗಿ ಹೇಳಲಾರೆ. ತಡವಾಗಿ ಮಾತಾಡುವ ಮಕ್ಕಳು ಎಲ್ಲ ಮನೆಗಳಲ್ಲೂ ಇರುತ್ತಾರೆ. ಆದರೆ ಆ ಬೆರಳುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅಪ್ಪನಿಗೆ ರಾತ್ರಿ ಪಾಳಿಯ ವಾರ. ಬೆಳಿಗ್ಗೆ ಬಂದು, ಉಂಡು, ಕೋಣೆಯಲ್ಲಿ ಮಲಗಿದ್ದ. ಹಿಂದೆ ಬಚ್ಚಲಿನಲ್ಲಿ ಜೇಜಿ ಮಂಜನಿಗೆ ನೀರು ಹಾಕುತ್ತಿದ್ದಳು. ನಾನು ಒಲೆಗೆ ಸೌದೆ ನೂಕುತ್ತಿದ್ದೆ. ಮಂಜ ಮಲಗಿದಲ್ಲಿಂದಲೇ ಕೈ ಮೇಲೆತ್ತಿ ಅವಳ ಬಾಯಿಗೆ ಬೆರಳು ಇಟ್ಟ. ಅವಳು ಈ ಸಲ ಮುಖ ತಿರುಗಿಸಲಿಲ್ಲ. ಅಪ್ಪ ನಿದ್ದೆಯಲ್ಲಿದ್ದಾನೆ ಎಂದುಕೊಂಡಳೋ, ಇನ್ನು ತಡೆಯಲಾಗಲಿಲ್ಲವೋ, ತೆಲುಗಿನಲ್ಲಿ ಸಣ್ಣಗೆ ಶುರು ಮಾಡಿದಳು. ನಾನು ಅವಳ ಬಾಯಲ್ಲಿ ಅದುವರೆಗೆ ಕೇಳಿರದ ಸಂಗತಿ.

“ನಿಮ್ಮಪ್ಪನೂ ಹಿಂಗೇ ಕಣೋ. ನಿನ್ನಷ್ಟಿದ್ದಾಗ ಬಾಯೇ ಬಿಡಲಿಲ್ಲ. ಮೂಗ ಅಂತ ಊರೆಲ್ಲ ಹೆಸರಿಟ್ಟರು. ನಮ್ಮತ್ತೆ ನನ್ನನ್ನೇ ಬೈದರು. ಒಂದು ದಿನ ಹೊಂಗೆ ಮರಕ್ಕೆ ಜೋಲಿ ಕಟ್ಟಿ, ಅದರಲ್ಲಿ ಅವನನ್ನ ಮಲಗಿಸಿ, ರಾಗಿ ಕೊಯ್ಯೋಕೆ ಹೋದೆ. ಕೊಯ್ತಾ ಕೊಯ್ತಾ ದೂರ ಹೋಗಿಬಿಟ್ಟೆ. ತಿರುಗಿ ನೋಡಿದ್ರೆ ಮರ ಕಾಣ್ತ ಇಲ್ಲ…”

ದನಿ ಏರಿದ್ದು ಅವಳಿಗೆ ಗೊತ್ತಾಗಿರಲಿಲ್ಲ. ಅಮ್ಮ ಮುಂದುಗಡೆಯಿಂದ ಓಡಿ ಬಂದಳು.

“ಅತ್ತೇ, ಅವ್ರು ಮನಗವ್ರೆ! ಎದ್ಬುಟ್ಟಾರು!”

ಜೇಜಿ ತಟ್ಟನೆ ನಿಲ್ಲಿಸಿದಳು. ಮಂಜ ಅವಳ ತುಟಿಗೆ ಬಡಿದ. ಅಮ್ಮ ಬಾಗಿಲ ಕಡೆ ನೋಡಿದಳು. ಕೋಣೆಯಲ್ಲಿ ಚಾಪೆಯ ಸದ್ದಾಯಿತು, ಆಮೇಲೆ ಅಪ್ಪನ ದನಿ ಬಂತು, ನಿದ್ದೆಯ ದನಿಯಲ್ಲ, ತೆಲುಗಿನಲ್ಲಿ:

“ತರ್ವಾತ ಏಮಾಯೆ, ಅಮ್ಮಾ?”

ಆಮೇಲೇನಾಯಿತು ಎಂದು. ಜೇಜಿ ಒಂದು ಚೊಂಬು ನೀರು ತೆಗೆದು, ಮಗುವಿನ ಕಣ್ಣಿಗೆ ಬೀಳದಂತೆ ಅಂಗೈ ಅಡ್ಡ ಹಿಡಿದು ಹುಯ್ದಳು. ಕೋಣೆಯ ಕಡೆ ನೋಡದೆ, ಮಗುವನ್ನೇ ನೋಡುತ್ತ, ಆದರೆ ಒಳಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

“ಏನಾಗೋದು? ನೀನು ನನ್ನ ಕರೆದೆ.”